ಸ್ಪರ್ಧೆ ಗೆದ್ದ ಎಐ ಕಂಟ್ರೋಲ್ ರೂಮಿನ ಹೊಸ್ತಿಲಲ್ಲೇ ನಿಂತಿರುವುದೇಕೆ?

ವಿದ್ಯುತ್ ಕ್ಷೇತ್ರದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಕುರಿತ ಶೈಕ್ಷಣಿಕ ಸಮ್ಮೇಳನ ಎಂದರೆ ಜೊತೆಗೊಂದು ವಿದ್ಯಾರ್ಥಿ ಸ್ಪರ್ಧೆಯೂ ಇರಬೇಕು ಎನ್ನುವಂತಾಗಿದೆ. ಸ್ಪರ್ಧೆ ಮುಗಿದ ಮೇಲೆ ಬರುವ ಸುದ್ದಿಯ ಧಾಟಿಯೂ ಹೆಚ್ಚುಕಡಿಮೆ ಒಂದೇ: ಇಡೀ ದೇಶದ ಗ್ರಿಡ್ಡನ್ನು ಇನ್ನು ಮುಂದೆ ಯಂತ್ರವೇ ನಡೆಸಲಿದೆ. ಅದೇ ಪತ್ರಿಕೆಯ ಒಳಪುಟದಲ್ಲಿ, ನಾಳೆ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಯಾವ ಯಾವ ಬಡಾವಣೆಗಳಲ್ಲಿ ಕರೆಂಟ್ ಇರುವುದಿಲ್ಲ ಎಂಬ ಪ್ರಕಟಣೆ ಇರುತ್ತದೆ. ಎರಡನ್ನೂ ಓದಿದವರಿಗೆ ಗೊಂದಲವಾಗುವುದು ಸಹಜ. ಎಐ ಅಷ್ಟು ಸಮರ್ಥವಾಗಿದ್ದರೆ ಅದು ಎಲ್ಲಿದೆ? ಅಥವಾ ಈ ಸ್ಪರ್ಧೆಗಳೆಲ್ಲ ಬರೀ ಕಂಪ್ಯೂಟರ್ ಆಟವೇ?

ಉತ್ತರ ಈ ಎರಡರ ನಡುವೆ ಎಲ್ಲೋ ಇದೆ. ಅದನ್ನು ಹುಡುಕಲು ಗೆದ್ದವರ ಹೆಸರಿಗಿಂತ ಸ್ಪರ್ಧೆಯ ನಿಯಮಾವಳಿಯನ್ನು ಓದುವುದು ಒಳ್ಳೆಯದು. ಯಾವ ತಪ್ಪಿಗೆ ಅಂಕ ಕಳೆಯುತ್ತಾರೆ, ಯಾವ ತಪ್ಪನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ ಎಂಬುದು ತಿಳಿದರೆ, ಗೆದ್ದ ಯಂತ್ರಕ್ಕೆ ಏನು ಬರುತ್ತದೆ, ಏನು ಬರುವುದಿಲ್ಲ ಎಂಬುದೂ ತಿಳಿಯುತ್ತದೆ.

ಜಾಲ ನಡೆಸುವುದು ಎಂದರೆ

ವಿದ್ಯುತ್ತನ್ನು ದೊಡ್ಡ ಪ್ರಮಾಣದಲ್ಲಿ ಕೂಡಿಡುವುದು ಇಂದಿಗೂ ದುಬಾರಿ. ಆದ್ದರಿಂದ ಉತ್ಪಾದನೆ ಮತ್ತು ಬಳಕೆ ಕ್ಷಣಕ್ಷಣಕ್ಕೂ ಸರಿದೂಗಬೇಕು. ಬಳಕೆ ಹೆಚ್ಚಾದರೆ ಜಾಲದ ಆವರ್ತನ 50 ಹರ್ಟ್ಸ್‌ಗಿಂತ ಕೆಳಗಿಳಿಯುತ್ತದೆ, ಉತ್ಪಾದನೆ ಹೆಚ್ಚಾದರೆ ಮೇಲೇರುತ್ತದೆ. ಭಾರತದ ಗ್ರಿಡ್ ಸಂಹಿತೆಯ ಪ್ರಕಾರ ಅದು 49.90 ಮತ್ತು 50.05ರ ನಡುವೆ ಇರಬೇಕು. ಇದು ಕೆಲಸದ ಒಂದು ಭಾಗ ಮಾತ್ರ. ಪ್ರತಿಯೊಂದು ಪ್ರಸರಣ ಮಾರ್ಗಕ್ಕೂ ಒಂದು ಮಿತಿ ಇದೆ, ಮತ್ತು ವಿದ್ಯುತ್ತು ನಾವು ಹೇಳಿದ ದಾರಿಯಲ್ಲಿ ಹರಿಯುವುದಿಲ್ಲ. ಅದು ಭೌತನಿಯಮಕ್ಕೆ ತಕ್ಕಂತೆ ಎಲ್ಲ ಮಾರ್ಗಗಳಲ್ಲೂ ಹಂಚಿಕೊಂಡು ಹರಿಯುತ್ತದೆ. ಒಂದು ಲೈನ್ ಟ್ರಿಪ್ ಆದರೆ ಅದು ಹೊತ್ತಿದ್ದ ಭಾರವೆಲ್ಲ ಅಕ್ಕಪಕ್ಕದ ಲೈನ್‌ಗಳ ಮೇಲೆ ಬೀಳುತ್ತದೆ. ಅವೂ ಮಿತಿ ಮೀರಿದರೆ ಒಂದರ ಹಿಂದೆ ಒಂದು ಕಳಚಿಕೊಳ್ಳುತ್ತವೆ.

2012ರ ಜುಲೈ 30ರ ನಸುಕಿನ 2.33ಕ್ಕೆ ಆದದ್ದು ಇದೇ. ಬೀನಾ–ಗ್ವಾಲಿಯರ್ ನಡುವಿನ 400 ಕೆ.ವಿ. ಮಾರ್ಗದಲ್ಲಿ ಯಾವ ಶಾರ್ಟ್ ಸರ್ಕ್ಯೂಟೂ ಆಗಿರಲಿಲ್ಲ. ಹೊರೆ ವಿಪರೀತವಾಗಿದ್ದುದನ್ನೇ ರಕ್ಷಣಾ ರಿಲೇ ದೋಷವೆಂದು ಭಾವಿಸಿ ಲೈನನ್ನು ಕಳಚಿತು, ಉತ್ತರದ ಗ್ರಿಡ್ ಕುಸಿಯಿತು. ಮರುದಿನ ಮಧ್ಯಾಹ್ನ ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಮೂರೂ ಕುಸಿದು, 60 ಕೋಟಿಗೂ ಹೆಚ್ಚು ಜನರಿರುವ ಪ್ರದೇಶಕ್ಕೆ ವಿದ್ಯುತ್ ಇಲ್ಲದಾಯಿತು. ಕರ್ನಾಟಕಕ್ಕೆ ಆ ದಿನ ಏನೂ ಆಗಲಿಲ್ಲ, ಏಕೆಂದರೆ ದಕ್ಷಿಣದ ಜಾಲ ಆಗ ಉಳಿದ ದೇಶದೊಂದಿಗೆ ಒಂದೇ ಆವರ್ತನದಲ್ಲಿ ಕೂಡಿಕೊಂಡಿರಲಿಲ್ಲ. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಮಾರ್ಗದ ಮೂಲಕ ಅದೂ ಕೂಡಿಕೊಂಡಿತು. ಅಂದಿನಿಂದ ಕೊರತೆಯ ದಿನ ಉತ್ತರದಿಂದ ವಿದ್ಯುತ್ ತರಿಸಿಕೊಳ್ಳುವುದು ಸುಲಭವಾಗಿದೆ, ಉತ್ತರದ ಏರುಪೇರೂ ನಮ್ಮದೇ ಆಗಿದೆ. ಬೆಂಗಳೂರಿನಲ್ಲಿರುವ ದಕ್ಷಿಣ ಪ್ರಾದೇಶಿಕ ಲೋಡ್ ಡಿಸ್‌ಪ್ಯಾಚ್ ಕೇಂದ್ರದ, ಅಂದರೆ ದಕ್ಷಿಣದ ಜಾಲದ ಕಂಟ್ರೋಲ್ ರೂಮಿನ, ಪಾಳಿಯ ಎಂಜಿನಿಯರುಗಳು ಹಗಲೂ ರಾತ್ರಿ ನೋಡುತ್ತಿರುವುದು ಇದನ್ನೇ.

ಆಟದ ಅಂಗಳ

ಫ್ರಾನ್ಸಿನ ಪ್ರಸರಣ ಸಂಸ್ಥೆ ಆರ್‌ಟಿಇ ಒಂದು ಲಕ್ಷ ಕಿಲೋಮೀಟರಿಗೂ ಹೆಚ್ಚು ಉದ್ದದ ಮಾರ್ಗಗಳನ್ನು ನೋಡಿಕೊಳ್ಳುತ್ತದೆ. ಗಾಳಿ ಮತ್ತು ಸೌರ ವಿದ್ಯುತ್ತು ಹೆಚ್ಚಿದಂತೆ ಹರಿವಿನ ದಿಕ್ಕೇ ದಿನಕ್ಕೆ ಹಲವು ಬಾರಿ ಬದಲಾಗತೊಡಗಿತು. ಹೊಸ ಲೈನ್ ಎಳೆಯೋಣವೆಂದರೆ ಅನುಮತಿ, ಭೂಮಿ, ವಿರೋಧ ಎಂದು ವರ್ಷಗಳೇ ಉರುಳುತ್ತವೆ. ಇರುವ ಜಾಲವನ್ನೇ ಇನ್ನಷ್ಟು ಜಾಣತನದಿಂದ ಬಳಸುವುದು ಹೇಗೆ ಎಂಬ ಪ್ರಶ್ನೆಯನ್ನು ಸಂಸ್ಥೆ 2019ರಲ್ಲಿ ಸ್ಪರ್ಧೆಯ ರೂಪದಲ್ಲಿ ಸಂಶೋಧಕರ ಮುಂದಿಟ್ಟಿತು. ಹೆಸರು ‘ಲರ್ನಿಂಗ್ ಟು ರನ್ ಎ ಪವರ್ ನೆಟ್‌ವರ್ಕ್’, ಅಂದರೆ ವಿದ್ಯುತ್ ಜಾಲ ನಡೆಸಲು ಕಲಿಯುವುದು. ಮೊದಲ ವರ್ಷ 14 ಉಪಕೇಂದ್ರಗಳ ಪುಟ್ಟ ಜಾಲ. 2020ರಲ್ಲಿ ಅದು 118 ಉಪಕೇಂದ್ರಗಳವರೆಗೆ ಬೆಳೆದು, ಎಐ ಸಂಶೋಧಕರ ಅತಿ ದೊಡ್ಡ ಸಮ್ಮೇಳನಗಳಲ್ಲಿ ಒಂದಾದ ನ್ಯೂರಿಪ್ಸ್‌ನ ಭಾಗವಾಯಿತು.

ಈ 14 ಮತ್ತು 118ರ ಮಾದರಿಗಳ ಮೂಲ ಸ್ವಾರಸ್ಯಕರವಾಗಿದೆ. ಎರಡೂ ಅಮೆರಿಕದ ಮಧ್ಯಪಶ್ಚಿಮ ಭಾಗದಲ್ಲಿ 1962ರಲ್ಲಿ ಇದ್ದ ಜಾಲದ ತುಣುಕುಗಳು. ಅನೇಕ ಸ್ಪರ್ಧಿಗಳ ಅಪ್ಪ–ಅಮ್ಮಂದಿರಿಗಿಂತ ಹಳೆಯದಾದ ಆ ನಕ್ಷೆಗೆ ಹೊಸ ಕಾಲದ ಗಾಳಿಯಂತ್ರ, ಸೌರ ಘಟಕಗಳನ್ನು ತೊಡಿಸಿ ಇಂದಿನ ಪರೀಕ್ಷೆ ನಡೆಸುತ್ತಾರೆ. ಚಾಲ್ತಿಯಲ್ಲಿರುವ ಜಾಲದ ವಿವರಗಳನ್ನು ಯಾವ ದೇಶವೂ ಸುಲಭವಾಗಿ ಬಹಿರಂಗಪಡಿಸುವುದಿಲ್ಲ; ಭದ್ರತೆಯ ಪ್ರಶ್ನೆ ಬರುತ್ತದೆ. ಆದ್ದರಿಂದ ಎಲ್ಲರಿಗೂ ಸಿಗುವ ಹಳೆಯ ನಕ್ಷೆಯೇ ಗತಿ.

ಆಟದಲ್ಲಿ ಒಂದು ಹೆಜ್ಜೆ ಎಂದರೆ ಐದು ನಿಮಿಷ. ಯಂತ್ರಕ್ಕೆ ಪ್ರತಿ ಲೈನಿನ ಹೊರೆ ಎಷ್ಟು, ಯಾವ ಘಟಕ ಎಷ್ಟು ಉತ್ಪಾದಿಸುತ್ತಿದೆ ಎಂಬ ಮಾಹಿತಿ ಸಿಗುತ್ತದೆ. ಅದು ಉತ್ಪಾದನೆಯನ್ನು ಏರಿಸಿ ಇಳಿಸಬಹುದು, ಆದರೆ ಅದಕ್ಕೆ ಖರ್ಚಿದೆ. ಖರ್ಚಿಲ್ಲದ ಇನ್ನೊಂದು ದಾರಿಯೆಂದರೆ ಉಪಕೇಂದ್ರದೊಳಗಿನ ಜೋಡಣೆಯನ್ನೇ ಬದಲಿಸುವುದು. ದೊಡ್ಡ ಉಪಕೇಂದ್ರಗಳಲ್ಲಿ ಸಾಮಾನ್ಯವಾಗಿ ಎರಡು ಬಸ್‌ಬಾರ್‌ಗಳು, ಅಂದರೆ ಲೈನುಗಳೆಲ್ಲ ಬಂದು ಕೂಡುವ ಲೋಹದ ಪಟ್ಟಿಗಳು, ಇರುತ್ತವೆ. ಒಂದು ಲೈನನ್ನು ಮೊದಲನೆಯದರಿಂದ ಕಳಚಿ ಎರಡನೆಯದಕ್ಕೆ ಜೋಡಿಸಿದರೆ ಸುತ್ತಲಿನ ಹರಿವೆಲ್ಲ ಬದಲಾಗುತ್ತದೆ. ಗದ್ದೆಗೆ ನೀರು ಹಾಯಿಸುವವರು ಮಡೆ ತಿರುಗಿಸಿದ ಹಾಗೆ ಎನ್ನಬಹುದು, ಒಂದು ವ್ಯತ್ಯಾಸದೊಂದಿಗೆ: ಇಲ್ಲಿ ಒಂದು ಮಡೆ ತಿರುಗಿಸಿದರೆ ಊರಾಚೆಯ ಗದ್ದೆಯಲ್ಲೂ ನೀರಿನ ಮಟ್ಟ ಬದಲಾಗುತ್ತದೆ. ದೊಡ್ಡ ಜಾಲದಲ್ಲಿ ಇಂಥ ಬದಲಾವಣೆಗಳ ಆಯ್ಕೆ ಹತ್ತಾರು ಸಾವಿರ. ಎರಡು ಮೂರನ್ನು ಜೋಡಿಸಿ ನೋಡುವುದಾದರೆ ಲೆಕ್ಕವೇ ಇಲ್ಲ. ಅನುಭವಿ ಎಂಜಿನಿಯರು ತನಗೆ ಗೊತ್ತಿರುವ ಬೆರಳೆಣಿಕೆಯ ಉಪಾಯಗಳನ್ನು ಬಳಸುತ್ತಾನೆ. ಉಳಿದವುಗಳಲ್ಲಿ ಇನ್ನೂ ಒಳ್ಳೆಯದಿದ್ದರೆ ಯಂತ್ರ ಅದನ್ನು ಹುಡುಕಿಕೊಡಲಿ ಎಂಬುದು ಸ್ಪರ್ಧೆಯ ಆಶಯ.

2020ರಲ್ಲಿ ಇದಕ್ಕೆ ಒಬ್ಬ ಎದುರಾಳಿಯನ್ನೂ ಸೇರಿಸಿದರು. ಹೊರೆ ಹೆಚ್ಚಿರುವ ಲೈನುಗಳಲ್ಲಿ ಯಾವುದಾದರೊಂದನ್ನು ಹೇಳದೆ ಕೇಳದೆ ಕೆಲವು ಗಂಟೆಗಳ ಕಾಲ ಕಡಿದುಹಾಕುವುದೇ ಅದರ ಕೆಲಸ.

ಗೆದ್ದವರ ಅಂಕಪಟ್ಟಿ

ಅಂಕಗಳ ಅಳತೆಗೋಲು ಮೈನಸ್ 100ರಿಂದ 100ರವರೆಗೆ ಇತ್ತು. ಏನೂ ಮಾಡದೆ ಸುಮ್ಮನಿದ್ದರೆ ಸೊನ್ನೆ. ಎಲ್ಲ ಸನ್ನಿವೇಶಗಳನ್ನೂ ಕತ್ತಲಾಗದಂತೆ ದಾಟಿಸಿದರೆ 80. ಜೊತೆಗೆ ನಷ್ಟವನ್ನೂ ತಗ್ಗಿಸಿದರೆ ಅದಕ್ಕಿಂತ ಮೇಲೆ. ನ್ಯೂರಿಪ್ಸ್ ಸುತ್ತಿನ ಎರಡೂ ವಿಭಾಗಗಳಲ್ಲಿ ಚೀನಾದ ಬೈದು ಕಂಪನಿಯ ತಂಡ ಮೊದಲ ಸ್ಥಾನ ಪಡೆಯಿತು, ಮತ್ತು ಎರಡರಲ್ಲೂ ಅದರ ಅಂಕ 60ನ್ನು ಮುಟ್ಟಲಿಲ್ಲ. ಅಂದರೆ ಜಗತ್ತಿನ ಅತ್ಯುತ್ತಮ ತಂಡದ ಕೈಯಲ್ಲೂ ಕೆಲವು ಸನ್ನಿವೇಶಗಳಲ್ಲಿ ಜಾಲ ಕುಸಿದಿತ್ತು. ‘ಯಂತ್ರ ಗೆದ್ದಿತು’ ಎಂಬ ಶೀರ್ಷಿಕೆ ಸುಳ್ಳಲ್ಲ. ಉಳಿದ ತಂಡಗಳ ವಿರುದ್ಧ ಗೆದ್ದಿತು ಎಂದು ಓದಿಕೊಳ್ಳಬೇಕಷ್ಟೆ.

ಮುಂಚೂಣಿಯ ತಂಡಗಳ ಕ್ರಮವಿಧಿಗಳನ್ನು ಬಿಡಿಸಿ ನೋಡಿದಾಗ ಇನ್ನೊಂದು ಸಂಗತಿ ಕಾಣುತ್ತದೆ. ಬಹುಪಾಲು ತಂಡಗಳು ತಮ್ಮ ಯಂತ್ರಕ್ಕೆ ಮೊದಲೇ ಒಂದು ಕಟ್ಟಳೆ ಹಾಕಿದ್ದವು: ಯಾವ ಲೈನೂ ಮಿತಿಯ ಸಮೀಪಕ್ಕೆ ಬಂದಿಲ್ಲವಾದರೆ ಕೈ ಕಟ್ಟಿ ಕುಳಿತುಕೊ. ಹತ್ತಾರು ಸಾವಿರ ಆಯ್ಕೆಗಳನ್ನು ಮೊದಲೇ ಜರಡಿ ಹಿಡಿದು ಕೆಲವೇ ನೂರಕ್ಕೋ ಸಾವಿರಕ್ಕೋ ಇಳಿಸಿದ್ದವು. ಪ್ರತಿ ನಿರ್ಧಾರಕ್ಕೂ ಮುನ್ನ ಅದರ ಪರಿಣಾಮವನ್ನು ಸಿಮ್ಯುಲೇಟರಿನಲ್ಲಿ ಒಮ್ಮೆ ಪರೀಕ್ಷಿಸುತ್ತಿದ್ದವು. ಸುಮ್ಮನಿರುವುದು, ಗೊತ್ತಿರುವ ಉಪಾಯಗಳಿಗೇ ಅಂಟಿಕೊಳ್ಳುವುದು, ಮಾಡುವ ಮುನ್ನ ಲೆಕ್ಕ ಹಾಕುವುದು: ಇದೆಲ್ಲ ಇಪ್ಪತ್ತು ವರ್ಷ ಪಾಳಿ ಮಾಡಿದ ಎಂಜಿನಿಯರನ ಗುಣವೇ. ಕಲಿಯುವ ಯಂತ್ರ ಅದರ ಮೇಲೆ ಒಂದಿಷ್ಟು ಸೇರಿಸಿದೆ, ಆ ಒಂದಿಷ್ಟು ನಿಜಕ್ಕೂ ಬೆಲೆಯುಳ್ಳದ್ದು. ಆದರೆ ಬುಡದಿಂದ ತಾನೇ ಎಲ್ಲವನ್ನೂ ಕಲಿತುಕೊಂಡಿತು ಎಂಬ ಚಿತ್ರ ಸರಿಯಲ್ಲ.

ಗಣಿತದವರ ತಕರಾರು

ಇದೇ ಅವಧಿಯಲ್ಲಿ ಅಮೆರಿಕದ ಇಂಧನ ಇಲಾಖೆಯ ಅಂಗವಾದ ಆರ್ಪಾ–ಇ ‘ಗ್ರಿಡ್ ಆಪ್ಟಿಮೈಸೇಷನ್’ ಎಂಬ ಸ್ಪರ್ಧೆ ನಡೆಸಿತು. ಅಲ್ಲಿನ ಜಾಲಗಳು 30 ಸಾವಿರ ಬಸ್‌ಗಳಷ್ಟು, ಅಂದರೆ ಲೈನುಗಳು ಕೂಡುವ ಅಷ್ಟು ಬಿಂದುಗಳಷ್ಟು, ದೊಡ್ಡವು. ಒಂದು ವಿಭಾಗದಲ್ಲಿ ಉತ್ತರ ಹುಡುಕಲು ಸಿಗುತ್ತಿದ್ದ ಸಮಯ 10 ನಿಮಿಷ. 2019ರಲ್ಲಿ ಮುಗಿದ ಮೊದಲ ಸುತ್ತಿನಲ್ಲಿ ಗೆದ್ದದ್ದು ಲಾರೆನ್ಸ್ ಲಿವರ್‌ಮೋರ್ ರಾಷ್ಟ್ರೀಯ ಪ್ರಯೋಗಾಲಯದ ನೇತೃತ್ವದ ತಂಡ. ಅದು ಬಳಸಿದ್ದು ಸಮಾಂತರ ಕಂಪ್ಯೂಟರುಗಳ ಮೇಲೆ ಓಡುವ ನಾನ್‌ಲೀನಿಯರ್ ಪ್ರೋಗ್ರಾಮಿಂಗ್, ಅಂದರೆ ಹಳೆಯ ಗಣಿತದ ಹೊಸ ರೂಪ.

ಗಣಿತದವರ ವಾದ ಸರಳವಾಗಿದೆ. ಸಮೀಕರಣ ಬಿಡಿಸಿ ಬಂದ ಉತ್ತರ ಮಿತಿಗಳೊಳಗೆ ಇದೆಯೇ ಇಲ್ಲವೇ ಎಂಬುದನ್ನು ತಾಳೆ ನೋಡಬಹುದು, ಏಕೆ ಬಂತು ಎಂದು ವಿವರಿಸಬಹುದು. ಅನುಭವದಿಂದ ಕಲಿತ ಯಂತ್ರ ಸಾವಿರ ಬಾರಿ ಸರಿಯಾಗಿ ನಡೆದುಕೊಂಡರೂ ಸಾವಿರದ ಒಂದನೆಯ ಬಾರಿ ಹೇಗೆ ನಡೆದುಕೊಳ್ಳುತ್ತದೆ ಎಂಬ ಖಾತರಿ ಇಲ್ಲ. ಕಲಿಕೆಯ ಪಕ್ಷದವರು ಮಾರುತ್ತರ ಕೊಡುತ್ತಾರೆ: ಬಸ್‌ಬಾರ್ ಜೋಡಣೆಯಂಥ ಹೌದು–ಇಲ್ಲ ಆಯ್ಕೆಗಳು ಸಾವಿರಗಟ್ಟಲೆ ಸೇರಿಕೊಂಡರೆ ನಿಮ್ಮ ಸಮೀಕರಣ ಸಮಯಕ್ಕೆ ಸರಿಯಾಗಿ ಮುಗಿಯುವುದಿಲ್ಲ, ಕಂಟ್ರೋಲ್ ರೂಮಿನಲ್ಲಿ ತಡವಾಗಿ ಬಂದ ಉತ್ತಮ ಉತ್ತರಕ್ಕೆ ಬೆಲೆಯಿಲ್ಲ. ಇಬ್ಬರ ಮಾತಿನಲ್ಲೂ ಹುರುಳಿದೆ. ಯಂತ್ರ ಸಲಹೆ ಕೊಡಲಿ, ಸಮೀಕರಣ ಅದನ್ನು ತಾಳೆ ನೋಡಲಿ ಎಂಬ ಬೆರಕೆಯ ದಾರಿಗೆ ಸಂಶೋಧನೆ ವಾಲುತ್ತಿರುವುದು ಇದರಿಂದಲೇ.

ಐದು ನಿಮಿಷ ಮತ್ತು ಐದು ಸೆಕೆಂಡು

ರಕ್ಷಣಾ ವ್ಯವಸ್ಥೆಯ ಎಂಜಿನಿಯರುಗಳ ಆಕ್ಷೇಪ ಇನ್ನೂ ಆಳವಾದದ್ದು. 2025ರ ಏಪ್ರಿಲ್ 28ರ ಮಧ್ಯಾಹ್ನ 12.33ಕ್ಕೆ ಸ್ಪೇನ್ ಮತ್ತು ಪೋರ್ಚುಗಲ್ ಕತ್ತಲಾದಾಗ, ಸ್ಪೇನಿನಲ್ಲಿ ಸುಮಾರು 15 ಸಾವಿರ ಮೆಗಾವಾಟ್ ಉತ್ಪಾದನೆ ಕಳಚಿಹೋಗಲು ಹಿಡಿದದ್ದು ಐದು ಸೆಕೆಂಡು ಎಂದು ಅಲ್ಲಿನ ಸರ್ಕಾರ ಹೇಳಿತು. ತನಿಖೆಯಲ್ಲಿ ಕಂಡದ್ದು ವೋಲ್ಟೇಜ್ ಮಿತಿ ಮೀರಿ ಏರಿ, ಘಟಕಗಳು ಒಂದರ ಹಿಂದೆ ಒಂದು ತಮ್ಮನ್ನು ತಾವೇ ಬೇರ್ಪಡಿಸಿಕೊಂಡ ಸರಪಳಿ.

ಫ್ರೆಂಚ್ ಸ್ಪರ್ಧೆಯ ಒಂದು ಹೆಜ್ಜೆ ಐದು ನಿಮಿಷ ಎಂಬುದನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಆ ಆಟ ಲೈನುಗಳ ಹೊರೆಯನ್ನು ಅಳೆಯುತ್ತದೆ; ಸೆಕೆಂಡಿನ ಭಾಗಗಳಲ್ಲಿ ನಡೆಯುವ ವೋಲ್ಟೇಜ್ ಏರಿಳಿತ, ಆವರ್ತನದ ತೂಗಾಟ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಸ್ಪರ್ಧೆಯನ್ನು ರೂಪಿಸಿದವರಿಗೆ ಇದು ಗೊತ್ತಿಲ್ಲದ್ದೇನಲ್ಲ. ವಿದ್ಯಾರ್ಥಿಯೊಬ್ಬ ತನ್ನ ಲ್ಯಾಪ್‌ಟಾಪಿನಲ್ಲಿ ಸಾವಿರಾರು ಬಾರಿ ಓಡಿಸಿ ನೋಡುವಂತಿರಬೇಕಾದರೆ ಸರಳಗೊಳಿಸಲೇಬೇಕು. ಆದರೆ ಆ ಸರಳೀಕರಣ ಸುದ್ದಿಯಾಗುವ ಹೊತ್ತಿಗೆ ಕಣ್ಮರೆಯಾಗುತ್ತದೆ, ‘118 ಉಪಕೇಂದ್ರಗಳ ಜಾಲವನ್ನು ಎಐ ನಡೆಸಿತು’ ಎಂಬುದಷ್ಟೇ ಉಳಿಯುತ್ತದೆ.

ಮುನ್ಸೂಚನೆ ಮಾತ್ರ ಸಲೀಸಾಗಿ ಒಳಬಂದದ್ದು ಹೇಗೆ

2017ರ ಮಾರ್ಚ್‌ನಲ್ಲಿ ಗೂಗಲ್‌ನ ಸೋದರ ಸಂಸ್ಥೆ ಡೀಪ್‌ಮೈಂಡ್‌ನ ಮುಖ್ಯಸ್ಥ ಡೆಮಿಸ್ ಹಸಾಬಿಸ್, ಬ್ರಿಟನ್ನಿನ ನ್ಯಾಷನಲ್ ಗ್ರಿಡ್ ಜೊತೆ ಮಾತುಕತೆ ನಡೆದಿದೆ, ದೇಶದ ವಿದ್ಯುತ್ ಬಳಕೆಯಲ್ಲಿ ಶೇ 10ರಷ್ಟು ಉಳಿಸಬಹುದೇನೋ ಎಂದಿದ್ದರು. ಎರಡು ವರ್ಷಗಳಲ್ಲಿ ಆ ಮಾತುಕತೆ ಒಪ್ಪಂದವಿಲ್ಲದೆ ಮುಗಿದಿತ್ತು. ಇನ್ನೊಂದೆಡೆ ಅದೇ ಸಂಸ್ಥೆ 2019ರಲ್ಲಿ, ಅಮೆರಿಕದ 700 ಮೆಗಾವಾಟ್ ಗಾಳಿವಿದ್ಯುತ್ ಘಟಕಗಳ ಉತ್ಪಾದನೆಯನ್ನು 36 ಗಂಟೆ ಮೊದಲೇ ಅಂದಾಜಿಸಿ ಆ ವಿದ್ಯುತ್ತಿನ ಮೌಲ್ಯವನ್ನು ಸುಮಾರು ಶೇ 20ರಷ್ಟು ಹೆಚ್ಚಿಸಿದ್ದಾಗಿ ಹೇಳಿಕೊಂಡಿತು. ಒಂದೇ ಸಂಸ್ಥೆ, ಹೆಚ್ಚುಕಡಿಮೆ ಒಂದೇ ಕಾಲ; ಜಾಲದ ಬಾಗಿಲು ತೆರೆಯಲಿಲ್ಲ, ಮುನ್ಸೂಚನೆಯ ಬಾಗಿಲು ತೆರೆಯಿತು.

ಕಾರಣ ಕರ್ನಾಟಕದ ಉದಾಹರಣೆಯಿಂದ ಚೆನ್ನಾಗಿ ತಿಳಿಯುತ್ತದೆ. ಗಾಳಿ ಮತ್ತು ಸೌರ ಘಟಕಗಳು ತಮ್ಮ ಉತ್ಪಾದನೆಯನ್ನು ಮುಂಚಿತವಾಗಿ ತಿಳಿಸಬೇಕೆಂಬ ನಿಯಮವನ್ನು ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2015ರಲ್ಲೇ ತಂದಿತು. ದಿನವನ್ನು 15 ನಿಮಿಷಗಳ 96 ತುಂಡುಗಳಾಗಿ ಕತ್ತರಿಸಿ ಪ್ರತಿ ತುಂಡಿಗೂ ಅಂದಾಜು ಕೊಡಬೇಕು. ಆ ನಿಯಮದ ಪ್ರಕಾರ, ಲಭ್ಯ ಸಾಮರ್ಥ್ಯದ ಶೇ 15ರವರೆಗಿನ ವ್ಯತ್ಯಾಸಕ್ಕೆ ದಂಡವಿಲ್ಲ. ಅಲ್ಲಿಂದ ಶೇ 25ರವರೆಗೆ ಯೂನಿಟ್ಟಿಗೆ 50 ಪೈಸೆ, ಶೇ 35ರವರೆಗೆ 1 ರೂಪಾಯಿ, ಅದರಾಚೆ ಒಂದೂವರೆ ರೂಪಾಯಿ.

ಪಾವಗಡದ ಕಡೆಯ 100 ಮೆಗಾವಾಟಿನ ಒಂದು ಘಟಕವನ್ನು ಊಹಿಸಿಕೊಳ್ಳಿ. ಮಧ್ಯಾಹ್ನ 12.15ರಿಂದ 12.30ರ ತುಂಡಿಗೆ 80 ಮೆಗಾವಾಟ್ ಎಂದು ತಿಳಿಸಿದೆ. ಮೋಡ ಕವಿದು ಸರಾಸರಿ 50 ಬಂತು. ವ್ಯತ್ಯಾಸ ಶೇ 30. ಮೊದಲ 15ಕ್ಕೆ ದಂಡವಿಲ್ಲ. ಮುಂದಿನ 10 ಮೆಗಾವಾಟ್ ಕಾಲು ಗಂಟೆಗೆ 2,500 ಯೂನಿಟ್, 50 ಪೈಸೆಯಂತೆ 1,250 ರೂಪಾಯಿ. ಉಳಿದ 5 ಮೆಗಾವಾಟಿನ 1,250 ಯೂನಿಟ್ಟಿಗೆ 1 ರೂಪಾಯಿಯಂತೆ ಇನ್ನೂ 1,250. ಒಟ್ಟು 2,500 ರೂಪಾಯಿ, ಒಂದು ಮೋಡಕ್ಕೆ, ಕಾಲು ಗಂಟೆಗೆ. ಪಾವಗಡದ ಸೌರ ಪಾರ್ಕಿನ ಒಟ್ಟು ಸಾಮರ್ಥ್ಯ 2,050 ಮೆಗಾವಾಟ್ ಎಂಬುದನ್ನು, ಮಳೆಗಾಲ ನಾಲ್ಕು ತಿಂಗಳು ಎಂಬುದನ್ನು ನೆನೆದರೆ ಒಳ್ಳೆಯ ಮುನ್ಸೂಚನೆಗೆ ಘಟಕದ ಮಾಲೀಕರು ಏಕೆ ಹಣ ಕೊಡುತ್ತಾರೆಂಬುದು ಅರ್ಥವಾಗುತ್ತದೆ.

ಇಲ್ಲಿ ಯಂತ್ರ ತಪ್ಪಿದರೆ ನಷ್ಟ ರೂಪಾಯಿಯಲ್ಲಿ, ಅದೂ ಎಷ್ಟೆಂದು ಮೊದಲೇ ಗೊತ್ತು. ಜಾಲದ ನಿಯಂತ್ರಣದಲ್ಲಿ ತಪ್ಪಿದರೆ ಆಸ್ಪತ್ರೆ, ರೈಲು, ನೀರು ಸರಬರಾಜು ಎಲ್ಲವೂ ನಿಲ್ಲುತ್ತವೆ. ಆದ್ದರಿಂದಲೇ 2012, 2014 ಮತ್ತು 2017ರಲ್ಲಿ ನಡೆದ ಜಾಗತಿಕ ಇಂಧನ ಮುನ್ಸೂಚನಾ ಸ್ಪರ್ಧೆಗಳ ಪಾಠಗಳು ಉದ್ಯಮಕ್ಕೆ ಬೇಗ ಇಳಿದವು. 2014ರಲ್ಲಿ ಆ ಸ್ಪರ್ಧೆ ನಾಳೆಯ ಒಂದೇ ಅಂಕಿಯನ್ನು ಕೇಳುವುದನ್ನು ಬಿಟ್ಟು, ಯಾವ ಮಟ್ಟ ಎಷ್ಟು ಸಂಭವನೀಯ ಎಂಬ 99 ಅಂಕಿಗಳನ್ನು ಕೇಳಿತು. ತನ್ನ ಅನುಮಾನವನ್ನೂ ಅಳತೆ ಮಾಡಿ ಹೇಳುವುದೇ ಉತ್ತರದ ಭಾಗವಾಯಿತು. ನಿಯಮ ಬದಲಾದಾಗ ಕ್ಷೇತ್ರವೇ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

‘ನನ್ನಿಂದಾಗದು’ ಎನ್ನಲು ಕಲಿಸುವುದು

ಫ್ರೆಂಚ್ ಸ್ಪರ್ಧೆಯ 2021ರ ಸುತ್ತು ಸುದ್ದಿಯಾದದ್ದು ಕಡಿಮೆ, ಆದರೆ ಎಲ್ಲಕ್ಕಿಂತ ಮುಖ್ಯವಾದದ್ದು ಅದೇ ಎನ್ನಬಹುದು. ಆ ಸುತ್ತಿನಲ್ಲಿ ಯಂತ್ರ ಜಾಲ ನಡೆಸಿದರೆ ಸಾಲದು. ಪರಿಸ್ಥಿತಿ ಕೈಮೀರುವ ಮುನ್ನ ಮನುಷ್ಯನನ್ನು ಎಚ್ಚರಿಸಲೂ ಬೇಕಿತ್ತು, ಯಾವ ಭಾಗದಲ್ಲಿ ತೊಂದರೆ ಎಂದೂ ಹೇಳಬೇಕಿತ್ತು. ತೀರಾ ತಡವಾಗಿ ಎಚ್ಚರಿಸಿದರೆ ಪ್ರಯೋಜನವಿಲ್ಲ, ಮಾತುಮಾತಿಗೂ ಕೂಗಿದರೂ ಪ್ರಯೋಜನವಿಲ್ಲ, ಏಕೆಂದರೆ ಪಾಳಿಯವರ ಗಮನವೂ ಮಿತವಾದದ್ದೇ.

ಇದರ ಹಿಂದೆ ಕಹಿ ನೆನಪೊಂದಿದೆ. 2003ರ ಆಗಸ್ಟ್ 14ರಂದು ಅಮೆರಿಕದ ಈಶಾನ್ಯ ಭಾಗ ಮತ್ತು ಕೆನಡಾದ ಸುಮಾರು 5 ಕೋಟಿ ಜನರಿಗೆ ವಿದ್ಯುತ್ ಹೋದಾಗ, ಓಹಾಯೋದ ಒಂದು ಕಂಟ್ರೋಲ್ ರೂಮಿನಲ್ಲಿ ಅಲಾರಂ ತಂತ್ರಾಂಶ ಸದ್ದಿಲ್ಲದೆ ನಿಂತುಹೋಗಿತ್ತು. ಲೈನುಗಳು ಕಳಚುತ್ತಿದ್ದವು, ಪರದೆ ಶಾಂತವಾಗಿತ್ತು, ಎದುರಿಗೆ ಕುಳಿತವರು ಎಲ್ಲ ಸರಿಯಿದೆ ಎಂದೇ ನಂಬಿದ್ದರು. ತಪ್ಪು ಮಾಡುವ ಯಂತ್ರಕ್ಕಿಂತ, ತಾನು ತಪ್ಪುತ್ತಿದ್ದೇನೆ ಎಂದು ಹೇಳದ ಯಂತ್ರ ಹೆಚ್ಚು ಅಪಾಯಕಾರಿ.

ಹೊಣೆಗಾರಿಕೆಯ ಪ್ರಶ್ನೆಗೂ ಇದೇ ಬೇರು. ನಮ್ಮ 2003ರ ವಿದ್ಯುಚ್ಛಕ್ತಿ ಕಾಯ್ದೆಯ 33ನೇ ಕಲಮಿನ ಪ್ರಕಾರ, ರಾಜ್ಯ ಲೋಡ್ ಡಿಸ್‌ಪ್ಯಾಚ್ ಕೇಂದ್ರ ಕೊಡುವ ಆದೇಶವನ್ನು ಪ್ರತಿಯೊಬ್ಬ ಪರವಾನಗಿದಾರನೂ ಪಾಲಿಸಲೇಬೇಕು. ಪಾಲಿಸದಿದ್ದರೆ 5 ಲಕ್ಷ ರೂಪಾಯಿವರೆಗೆ ದಂಡ. ಆ ಆದೇಶ ಯಂತ್ರದ ಸಲಹೆಯಿಂದ ಬಂದಿದ್ದು, ಅದರಿಂದ ಒಂದು ಜಿಲ್ಲೆ ಕತ್ತಲಾದರೆ ಉತ್ತರ ಕೊಡಬೇಕಾದವರು ಲಾಗ್ ಪುಸ್ತಕದಲ್ಲಿ ಸಹಿ ಹಾಕಿದ ಎಂಜಿನಿಯರೇ. ವಿವರಣೆ ಕೊಡಲಾಗದ ಸಲಹೆಗೆ ಅವರು ಸಹಿ ಹಾಕಲು ಹಿಂಜರಿದರೆ ಅದನ್ನು ತಂತ್ರಜ್ಞಾನದ ಭಯ ಎನ್ನಲಾಗದು. ಯುರೋಪಿನ 2024ರ ಎಐ ಕಾನೂನು ವಿದ್ಯುತ್ ಪೂರೈಕೆಯ ಸುರಕ್ಷಾ ಭಾಗವಾಗಿ ಬಳಸುವ ಎಐಯನ್ನು ಹೆಚ್ಚಿನ ಅಪಾಯದ ವರ್ಗಕ್ಕೆ ಸೇರಿಸಿ, ಮಾನವ ಮೇಲ್ವಿಚಾರಣೆಯನ್ನು ಕಡ್ಡಾಯ ಮಾಡಿರುವುದೂ ಈ ಹಿನ್ನೆಲೆಯಲ್ಲೇ.

ಮುಂದೆ ಆಗಬಹುದಾದದ್ದು

ಹೀಗೆ ನೋಡಿದರೆ ಎಐ ಜಾಲದೊಳಗೆ ಬರುವ ಕ್ರಮ ಬಹುಮಟ್ಟಿಗೆ ಸ್ಪಷ್ಟವಾಗಿದೆ. ಮುನ್ಸೂಚನೆ ಈಗಾಗಲೇ ಬಂದಿದೆ. ಮುಂದಿನದು ಸಲಹೆ: ಯಂತ್ರ ಮೂರು ಉಪಾಯಗಳನ್ನು ಪರದೆಯ ಮೇಲೆ ಇಡುತ್ತದೆ, ಪಾಳಿಯವರು ಒಂದನ್ನು ಆರಿಸುತ್ತಾರೆ ಅಥವಾ ಮೂರನ್ನೂ ಬಿಡುತ್ತಾರೆ. ತಾನೇ ಸ್ವಿಚ್ ಹಾಕುವ ಹಂತ, ಬರುವುದಾದರೆ, ಕೊನೆಗೆ. ಇದರ ನಡುವೆ ಎಐ ಡೇಟಾ ಸೆಂಟರುಗಳೇ ಜಾಲದ ಮೇಲಿನ ಹೊಸ ಹೊರೆಯಾಗಿವೆ. 2024ರಲ್ಲಿ ಜಗತ್ತಿನ ಡೇಟಾ ಸೆಂಟರುಗಳೆಲ್ಲ ಸೇರಿ ಬಳಸಿದ್ದು ಸುಮಾರು 415 ಶತಕೋಟಿ ಯೂನಿಟ್ ಎಂಬುದು ಅಂತರರಾಷ್ಟ್ರೀಯ ಇಂಧನ ಸಂಸ್ಥೆಯ ಅಂದಾಜು. ಅದು ಬೇರೆಯೇ ಚರ್ಚೆ.

ಕರ್ನಾಟಕದ ಕಾಲೇಜುಗಳಿಗೆ ಇಂಥ ಸ್ಪರ್ಧೆಗಳಿಂದ ಆಗುವ ಲಾಭ ದೊಡ್ಡದು. ಫ್ರೆಂಚ್ ಸ್ಪರ್ಧೆಯ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ವಿದ್ಯುತ್ ವಿಭಾಗದ ವಿದ್ಯಾರ್ಥಿಗೂ ಕಂಪ್ಯೂಟರ್ ವಿಭಾಗದ ವಿದ್ಯಾರ್ಥಿಗೂ ಒಂದೇ ಮೇಜಿನಲ್ಲಿ ಕೂರಲು ಅದು ಕಾರಣ ಒದಗಿಸುತ್ತದೆ. ಆದರೆ ಅಲ್ಲಿ ಪಳಗಿದ ಮಾದರಿಯನ್ನು ಹಾಗೆಯೇ ಇಲ್ಲಿಗೆ ತಂದರೆ ನಡೆಯದು. ನಮ್ಮ ಹೊರೆಯ ದೊಡ್ಡ ಪಾಲು ನೀರಾವರಿ ಪಂಪ್‌ಸೆಟ್‌ಗಳದ್ದು. ಅವು ರೈತ ಬೇಕೆಂದಾಗ ಓಡುವುದಿಲ್ಲ, ಫೀಡರಿಗೆ ತ್ರೀ ಫೇಸ್ ಬಿಟ್ಟಾಗ ಓಡುತ್ತವೆ. ದಿನಕ್ಕೆ ಹಾಗೆ ಸಿಗುವ ಏಳು ಗಂಟೆ ಯಾವಾಗ ಎಂದು ತೀರ್ಮಾನಿಸುವುದು ಹವಾಮಾನವಲ್ಲ, ಸರದಿ ಪಟ್ಟಿ. ಮೀಟರ್ ಇಲ್ಲದ ಪಂಪ್‌ಸೆಟ್‌ಗಳ ಬಳಕೆಯಂತೂ ಅಂದಾಜಿನ ಲೆಕ್ಕ. 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ, ಅದೇ ಹೊತ್ತಿಗೆ ಪಂಪ್‌ಸೆಟ್‌ಗಳ ಬೇಡಿಕೆ ಏರಿತು, ಅಕ್ಟೋಬರ್‌ನಲ್ಲಿ ಹಳ್ಳಿಗಳಲ್ಲಿ ಲೋಡ್ ಶೆಡ್ಡಿಂಗ್ ವಿರುದ್ಧ ಪ್ರತಿಭಟನೆಗಳಾದವು. ಯಾವ ಯಂತ್ರಕ್ಕೂ ಆ ನೀರನ್ನು ತರಲಾಗುತ್ತಿರಲಿಲ್ಲ.

ಹಾಗಿದ್ದರೂ ಆ ತಿಂಗಳ ದಾಖಲೆಯನ್ನೇ ಇಟ್ಟುಕೊಂಡು ಬೇಡಿಕೆಯ ಮುನ್ಸೂಚನೆ ಕಲಿಸಲು ಹೊರಟರೆ ಏನಾಗುತ್ತದೆ ಎಂಬುದು ಇಲ್ಲಿಯೇ ನಡೆಯುವ ಸ್ಪರ್ಧೆಗೆ ತಕ್ಕ ಪ್ರಶ್ನೆ. ಉಪಕೇಂದ್ರದ ಮೀಟರ್ ಬರೆದಿಡುವುದು ಕೊಟ್ಟ ವಿದ್ಯುತ್ತನ್ನು. ಕೇಳಿದ ವಿದ್ಯುತ್ತನ್ನು ಅದು ಅರಿಯದು. ಫೀಡರ್ ಕಡಿತವಾಗಿದ್ದ ಗಂಟೆಯಲ್ಲಿ ಬೋರ್‌ವೆಲ್ಲಿನ ಬಳಿ ಕಾಯುತ್ತ ಕುಳಿತವರಿದ್ದರು, ಒಣಗುತ್ತಿದ್ದ ಪೈರೂ ಇತ್ತು. ಯಂತ್ರದ ಕೈಗೆ ಸಿಗುವ ಕಡತದಲ್ಲಿ ಆ ಗಂಟೆಯ ಎದುರು ಇರುವುದು ಸೊನ್ನೆ.